ಮೋಡದೊಳಗೆ ಇಳಿಯುವಾಗ ಎತ್ತರದ ಲೆಕ್ಕ ತಪ್ಪದಿರಲು ಏನು ಮಾಡಬೇಕು? ಸಣ್ಣ ವಿಮಾನದ ಪೈಲಟ್‌ಗಳಿಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಪೈಲಟ್ ತರಬೇತಿಗೆ ಹೋದ ಹುಡುಗರು, ಹುಡುಗಿಯರು ಇನ್‌ಸ್ಟ್ರುಮೆಂಟ್ ರೇಟಿಂಗ್ (ಡಯಲ್ ನೋಡಿ ಮೋಡದಲ್ಲಿ ಹಾರುವ ಅರ್ಹತೆ) ಹಂತಕ್ಕೆ ಬಂದ ಕೂಡಲೇ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಸರ್, ಸೂಜಿ ನಡುವ ಹಿಡ್ಕೊಂಡು ಬರ್ತೀನಿ, ಸ್ಪೀಡೂ ಸರಿ ಇರ್ತದ, ಆದ್ರ ಎತ್ತರ ಮಾತ್ರ ಕೈ ತಪ್ತದ. ಏನ್ ಮಾಡ್ಲಿ?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಎತ್ತರ ತಪ್ಪುವುದು ಕೈಯಿಂದ ಅಲ್ಲ. ಎತ್ತರ ತೋರಿಸುವ ಆಲ್ಟಿಮೀಟರ್ ಅಂದರೆ ಗಾಳಿಯ ಒತ್ತಡ ಅಳೆಯುವ ಒಂದು ಡಬ್ಬಿ, ಅಷ್ಟೇ. ಕೆಳಗೆ ನೆಲ ಎಲ್ಲಿದೆ, ಗುಡ್ಡ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ನೀವು ಯಾವ ಒತ್ತಡ ತಿರುಗಿಸಿ ಇಟ್ಟಿದ್ದೀರೋ ಅದಕ್ಕೆ ತಕ್ಕ ಸಂಖ್ಯೆಯನ್ನು ಅದು ತೋರಿಸುತ್ತದೆ. ಆ ಸಂಖ್ಯೆ ನಿಜವೋ ಅಲ್ಲವೋ ಅಂತ ಗೊತ್ತಿರುವ ಜಾಗಗಳಲ್ಲಿ ನಿಂತು ನಿಂತು ಕೇಳಬೇಕಾದವರು ನೀವು. ಕೆಳಗಿನ ಹಂತಗಳೆಲ್ಲ ಹಾಗೆ ಕೇಳುವ ಜಾಗಗಳೇ.

ಇನ್‌ಸ್ಟ್ರುಮೆಂಟ್ ಅಪ್ರೋಚ್ ಅಂದರೆ ಹೊರಗೆ ಏನೂ ಕಾಣದಾಗ ಡಯಲ್‌ಗಳನ್ನಷ್ಟೇ ನೋಡಿಕೊಂಡು, ಚಾರ್ಟ್‌ನಲ್ಲಿ ಬರೆದ ದಾರಿಯಲ್ಲಿ ರನ್‌ವೇ ಕಡೆ ಇಳಿಯುವುದು. ಉದಾಹರಣೆಗೆ ಹುಬ್ಬಳ್ಳಿ ವಿಮಾನ ನಿಲ್ದಾಣವನ್ನೇ ತೆಗೆದುಕೊಂಡಿದ್ದೇನೆ. ಗೋಕುಲ ರಸ್ತೆಯ ಆ ಬಯಲು ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಇಲ್ಲಿನ ಲೆಕ್ಕಗಳು ಅರ್ಥವಾಗಲಿ ಅಂತ ಮಾತ್ರ. ಹಾರುವಾಗ ಆ ದಿನದ ಚಾರ್ಟ್‌ನಲ್ಲಿ ಇರುವ ಸಂಖ್ಯೆಯೇ ಅಂತಿಮ.

ಜೊತೆಗೆ ಇಟ್ಟುಕೊಳ್ಳಬೇಕಾದದ್ದು ಜಾಸ್ತಿ ಏನಿಲ್ಲ. ಅವಧಿ ಮುಗಿಯದ ಅಪ್ರೋಚ್ ಚಾರ್ಟ್, ತೊಡೆಗೆ ಕಟ್ಟುವ ನೀಬೋರ್ಡ್, ಎರಡು ಪೆನ್ಸಿಲ್, ಹೊರಡುವ ಮುಂಚಿನ ಹವಾಮಾನ ವರದಿಯ ಒಂದು ಪ್ರತಿ. ಎರಡು ಪೆನ್ಸಿಲ್ ಯಾಕೆ ಅಂದರೆ ಒಂದು ಸೀಟಿನ ಕೆಳಗೆ ಬಿದ್ದಾಗ ಬಗ್ಗಿ ಹುಡುಕುವುದು ಮೋಡದಲ್ಲಿ ತುಂಬಾ ಅಪಾಯ. ತಲೆ ಬಗ್ಗಿಸಿ ಎತ್ತಿದ ಕೂಡಲೇ ತಲೆ ಸುತ್ತುತ್ತದೆ, ಯಾವುದು ಮೇಲೆ ಯಾವುದು ಕೆಳಗೆ ಅಂತ ತಿಳಿಯುವುದಿಲ್ಲ.

ಹಂತ 1: ನೆಲದ ಮೇಲೆ ಇರುವಾಗಲೇ ಆಲ್ಟಿಮೀಟರ್ ಪರೀಕ್ಷಿಸಿ

ಇಂಜಿನ್ ಚಾಲೂ ಮಾಡುವ ಹೊತ್ತಿಗೆ ಕ್ಯೂಎನ್‌ಎಚ್ ಹಾಕಿ. ಕ್ಯೂಎನ್‌ಎಚ್ ಅಂದರೆ ಆ ಊರಿನ ಒತ್ತಡವನ್ನು ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿ ಕೊಡುವ ಸಂಖ್ಯೆ. ಅದನ್ನು ಹಾಕಿದರೆ ಆಲ್ಟಿಮೀಟರ್ ಸಮುದ್ರ ಮಟ್ಟದಿಂದ ಎಷ್ಟು ಮೇಲಿದ್ದೀರಿ ಅಂತ ತೋರಿಸುತ್ತದೆ. ಹುಬ್ಬಳ್ಳಿಯಲ್ಲಿ ನಿಂತಿದ್ದರೆ 2,170ರ ಹತ್ತಿರ ಬರಬೇಕು. ಸಣ್ಣ ವಿಮಾನದ ಆಲ್ಟಿಮೀಟರ್‌ಗೆ ಐಕಾವೋ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ಒಪ್ಪುವ ವ್ಯತ್ಯಾಸ ಹೆಚ್ಚೆಂದರೆ 60 ಅಡಿ. ಅದಕ್ಕಿಂತ ಹೆಚ್ಚಿದ್ದರೆ "ಒಂದಿಷ್ಟು ಆಚೀಚೆ" ಅಂತ ಬಿಡಬೇಡಿ, ಆ ವಿಮಾನ ಮೋಡಕ್ಕೆ ಬೇಡ.

ಸ್ಟ್ಯಾಟಿಕ್ ಪೋರ್ಟ್‌ಗಳನ್ನು ಬೆರಳಿಟ್ಟು ಅಲ್ಲ, ಕಣ್ಣಿಟ್ಟು ನೋಡಿ. ಇವು ಹೊರಗಿನ ಒತ್ತಡವನ್ನು ಒಳಗೆ ತರುವ ಸಣ್ಣ ತೂತುಗಳು. ಮಳೆಗಾಲದಲ್ಲಿ ರಾತ್ರಿಯೆಲ್ಲ ಹೊರಗೆ ನಿಂತ ವಿಮಾನದಲ್ಲಿ ನೀರು ಕೂತಿರಬಹುದು, ತೊಳೆಯುವವರು ಅಂಟಿಸಿದ ಟೇಪು ಹಾಗೇ ಉಳಿದಿರಬಹುದು. 1996ರ ಅಕ್ಟೋಬರ್ 2ರಂದು ಪೆರು ದೇಶದ ಲಿಮಾದಿಂದ ಹೊರಟ ಬೋಯಿಂಗ್ 757 ಇದೇ ಟೇಪಿನಿಂದ ಸಮುದ್ರಕ್ಕೆ ಬಿತ್ತು, 70 ಜನ ಸತ್ತರು. ಅವರು ಎಟಿಸಿಯನ್ನು, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರನ್ನು, ಎತ್ತರ ಕೇಳಿದರು, ಎಟಿಸಿ ಹೇಳಿದ್ದೂ ತಪ್ಪು ಸಂಖ್ಯೆಯೇ. ಯಾಕೆಂದರೆ ಎಟಿಸಿ ಪರದೆಯ ಮೇಲಿನ ಎತ್ತರ ನಿಮ್ಮ ವಿಮಾನದ ಅದೇ ತೂತಿನಿಂದಲೇ ಹೋಗಿರುತ್ತದೆ. ಇದನ್ನು ನೆನಪಿಡಿ. ಕ್ಯೂಎನ್‌ಎಚ್ ನೀವು ತಪ್ಪಾಗಿ ಹಾಕಿದ್ದರೆ ರೇಡಾರ್ ಇರುವ ಕಡೆ ಎಟಿಸಿಗೆ ಅದು ಗೊತ್ತಾಗಬಹುದು, ಆದರೆ ತೂತು ಮುಚ್ಚಿದ್ದರೆ ಅವರಿಗೂ ಗೊತ್ತಾಗುವುದಿಲ್ಲ. ತೂತು ಮುಚ್ಚಿದಾಗ ಬೇರೆ ಕಡೆಯಿಂದ ಒತ್ತಡ ತರುವ ಆಲ್ಟರ್ನೇಟ್ ಸ್ಟ್ಯಾಟಿಕ್ ಗುಂಡಿ ನಿಮ್ಮ ವಿಮಾನದಲ್ಲಿ ಎಲ್ಲಿದೆ ಅಂತ ಕಣ್ಣು ಮುಚ್ಚಿಯೂ ಕೈ ಹೋಗುವಂತೆ ಅಭ್ಯಾಸ ಮಾಡಿ.

ಹಂತ 2: ಚಾರ್ಟ್‌ನಿಂದ ಐದು ಸಂಖ್ಯೆ ಬರೆದುಕೊಳ್ಳಿ

ಇದು ಮನೆಯಲ್ಲಿ, ಚಹಾ ಕುಡಿಯುತ್ತಾ ಮಾಡಬಹುದಾದ ಕೆಲಸ. ಮೋಡದೊಳಗೆ ಹೋದ ಮೇಲೆ ಮಾಡುವಂಥದ್ದಲ್ಲ.

ಮೊದಲನೆಯದು ಎಂಎಸ್‌ಎ. ನಿಲ್ದಾಣದ ಸುತ್ತ 25 ನಾಟಿಕಲ್ ಮೈಲಿಯೊಳಗೆ ಎಲ್ಲ ಅಡೆತಡೆಗಳಿಗಿಂತ ಕನಿಷ್ಠ 1,000 ಅಡಿ ಮೇಲಿರುವ ಎತ್ತರ ಇದು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ., ಮುಂದೆ ಬರೀ ಮೈಲಿ ಅಂದದ್ದೂ ಇದೇ. ನಮ್ಮ ಕಡೆ ನೆಲ ಬಯಲು, ಏನಾಗುತ್ತೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಗದಗ ಕಡೆ ಕಪ್ಪತಗುಡ್ಡ ಇದೆ, ಸುತ್ತಮುತ್ತ ಗಾಳಿ ಫ್ಯಾನ್‌ಗಳ ಸಾಲೇ ಇದೆ. ಈಗಿನ ದೊಡ್ಡ ಗಾಳಿಯಂತ್ರಗಳ ರೆಕ್ಕೆಯ ತುದಿ ನೆಲದಿಂದ 400 ಅಡಿ ದಾಟುತ್ತದೆ, ಅವು ನಿಂತಿರುವುದೂ ದಿಬ್ಬದ ಮೇಲೆ.

ಎರಡನೆಯದು ಫೈನಲ್ ಅಪ್ರೋಚ್ ಫಿಕ್ಸ್‌ನ ಎತ್ತರ, ಅಂದರೆ ಕೊನೆಯ ಇಳಿತ ಶುರುವಾಗುವ ಜಾಗದಲ್ಲಿ ಇರಬೇಕಾದ ಎತ್ತರ. ಮೂರನೆಯದು ನಡುವಿನ ಮೆಟ್ಟಿಲುಗಳು, ಇಂಥ ದೂರ ಬರುವ ತನಕ ಇದಕ್ಕಿಂತ ಕೆಳಗೆ ಬರಬೇಡ ಅನ್ನುವ ಎತ್ತರಗಳು. ನಾಲ್ಕನೆಯದು ಮಿನಿಮಮ್, ರನ್‌ವೇ ಕಾಣದಿದ್ದರೆ ಇಳಿಯುವುದನ್ನು ಬಿಡಬೇಕಾದ ಎತ್ತರ. ಐದನೆಯದು ಮಿಸ್ಡ್ ಅಪ್ರೋಚ್ ಎತ್ತರ, ರನ್‌ವೇ ಕಾಣದಿದ್ದರೆ ವಾಪಸ್ ಎಲ್ಲಿಯ ತನಕ ಏರಬೇಕು ಅನ್ನುವುದು.

ಮಿನಿಮಮ್‌ನಲ್ಲಿ ಎರಡು ಬಗೆ ಇವೆ, ಇಲ್ಲೇ ಬಹಳ ಜನ ಎಡವುತ್ತಾರೆ. ಇಳಿಜಾರು ತೋರಿಸುವ ಗ್ಲೈಡ್ ಸ್ಲೋಪ್ ಇರುವ ಐಎಲ್‌ಎಸ್‌ನಂಥ (ರೇಡಿಯೋ ಕಿರಣ ಹಿಡಿದು ಇಳಿಯುವ) ಅಪ್ರೋಚ್‌ನಲ್ಲಿ ಇರುವುದು ಡಿಎ, ಅಂದರೆ ನಿರ್ಧಾರದ ಎತ್ತರ. ಅಲ್ಲಿ ನಿರ್ಧಾರ ಮಾಡಿ ತಿರುಗಿ ಏರುವಾಗ ವಿಮಾನ ಕೆಲವು ಅಡಿ ಕೆಳಗೆ ಕುಸಿಯುತ್ತದೆ, ಚಾರ್ಟ್ ಮಾಡಿದವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಗ್ಲೈಡ್ ಸ್ಲೋಪ್ ಇಲ್ಲದ ಅಪ್ರೋಚ್‌ನಲ್ಲಿ ಇರುವುದು ಎಂಡಿಎ, ಅಂದರೆ ಇಳಿಯಬಹುದಾದ ಕನಿಷ್ಠ ಎತ್ತರ. ಅದು ನೆಲದ ಹಾಗೆ, ರನ್‌ವೇ ಕಾಣದೆ ಒಂದು ಅಡಿಯೂ ಕೆಳಗೆ ಹೋಗುವ ಹಾಗಿಲ್ಲ. ಹಾಗಾಗಿ ಒಂದೇ ಸಮನೆ ಇಳಿದು ಬರುವವರು ಎಂಡಿಎಗೆ 50 ಅಡಿ ಸೇರಿಸಿ ಬರೆದುಕೊಳ್ಳುವುದು ಒಳ್ಳೆಯದು. ಜಿಪಿಎಸ್ ಪರದೆ ಕೆಲವೊಮ್ಮೆ ಎಂಡಿಎ ಅಪ್ರೋಚ್‌ಗೂ ಒಂದು ಸಲಹೆಯ ಇಳಿಜಾರು ಗೆರೆ ತೋರಿಸುತ್ತದೆ. ಅದು ಸಲಹೆ ಮಾತ್ರ, ಎಂಡಿಎ ಕೆಳಗೆ ಅದನ್ನು ಹಿಂಬಾಲಿಸಿದರೆ ಎದುರಿಗೆ ಮರ ಇದ್ದರೂ ಅದು ತಪ್ಪಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ. ಚಾರ್ಟ್‌ನಲ್ಲಿ ಒಂದೇ ಸಾಲಿನಲ್ಲಿ ಎರಡು ಸಂಖ್ಯೆ ಇರುತ್ತವೆ, ಸಮುದ್ರ ಮಟ್ಟದಿಂದ ಒಂದು, ನೆಲದಿಂದ ಒಂದು. ನೆಲದಿಂದ 200 ಅಡಿ ಅಂದರೆ ಹುಬ್ಬಳ್ಳಿಯ ಲೆಕ್ಕದಲ್ಲಿ ಡಯಲ್ ಮೇಲೆ 2,370. ಸಮುದ್ರದ ಹತ್ತಿರದ ಊರಲ್ಲಿ ಕಲಿತು ಬಂದವರಿಗೆ ಇದು ರೂಢಿಯಾಗಲು ಸಮಯ ಬೇಕು. ಅವರ ಕಣ್ಣು 1,000 ಅಂದರೆ ಸರ್ಕ್ಯೂಟ್ (ನಿಲ್ದಾಣದ ಸುತ್ತ ಸುತ್ತುವ ಎತ್ತರ) ಅಂತ ಹುಡುಕುತ್ತಿರುತ್ತದೆ, ಇಲ್ಲಿ 1,000 ಅಂದರೆ ನೀವು ನೆಲದೊಳಗೆ ಇದ್ದೀರಿ. ಅದಕ್ಕೇ ನೀಬೋರ್ಡ್ ಮೇಲೆ ಡಯಲ್ ತೋರಿಸುವ ಸಂಖ್ಯೆಯನ್ನು ಮಾತ್ರ ಬರೆಯಿರಿ, ದಪ್ಪಗೆ.

ಹಂತ 3: ಕ್ಯೂಎನ್‌ಎಚ್

ಒಂದೇ ಒಂದು ಹಂತ ಓದಿ ಬಿಡುತ್ತೇನೆ ಅನ್ನುವವರು ಇದನ್ನು ಓದಿ.

ಮೇಲೆ ಫ್ಲೈಟ್ ಲೆವೆಲ್‌ನಲ್ಲಿ ಹಾರುವಾಗ ಎಲ್ಲ ವಿಮಾನಗಳೂ 1013 ಅನ್ನುವ ಒಂದೇ ಒತ್ತಡ ಇಟ್ಟುಕೊಂಡಿರುತ್ತವೆ. ಕೆಳಗೆ ಬರುವಾಗ ಟ್ರಾನ್ಸಿಷನ್ ಲೆವೆಲ್ ಅನ್ನುವ ಗಡಿ ಎತ್ತರ ದಾಟುವ ಹೊತ್ತಿಗೆ ಊರಿನ ಕ್ಯೂಎನ್‌ಎಚ್‌ಗೆ ಬದಲಾಯಿಸಬೇಕು. ಮರೆತರೆ ಏನಾಗುತ್ತೆ ನೋಡಿ. ಮುಂಗಾರಿನಲ್ಲಿ ನಮ್ಮ ಕಡೆ ಒತ್ತಡ ಇಳಿದಿರುತ್ತದೆ, 1005 ಇದೆ ಅಂದುಕೊಳ್ಳೋಣ. ಈ ಒತ್ತಡದ ಅಳತೆಯ ಹೆಸರು ಹೆಕ್ಟೋಪಾಸ್ಕಲ್, ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ. ಎಂಟು ಹೆಕ್ಟೋಪಾಸ್ಕಲ್ ವ್ಯತ್ಯಾಸಕ್ಕೆ 220 ಅಡಿಯ ಮೇಲೆ. ಡಯಲ್ 2,370 ತೋರಿಸುವಾಗ, ಅಂದರೆ ನಿಮ್ಮ ಲೆಕ್ಕದಲ್ಲಿ ಇನ್ನೂ ನೆಲದಿಂದ 200 ಅಡಿ ಮೇಲೆ ಇರುವಾಗ, ನಿಜವಾದ ಎತ್ತರ 2,150. ನೆಲ ಇರುವುದು 2,170ರಲ್ಲಿ. ನೀವು ಮಿನಿಮಮ್ ಅಂತ ಬಾಯಿ ತೆರೆಯುವ ಮುಂಚೆಯೇ ವಿಮಾನ ನೆಲ ಮುಟ್ಟಿರುತ್ತದೆ. ಒತ್ತಡ ಇಳಿದಿದೆ ಅಂದರೆ ನೀವೂ ಇಳಿದಿದ್ದೀರಿ ಅಂತ ಲೆಕ್ಕ, ಡಯಲ್ ಏನೇ ಹೇಳಲಿ.

ಮರೆಯುವುದಷ್ಟೇ ಅಲ್ಲ, ತಪ್ಪು ಕೇಳಿಸಿಕೊಳ್ಳುವುದೂ ಉಂಟು, ಎಟಿಸಿಯೇ ತಪ್ಪು ಹೇಳುವುದೂ ಉಂಟು. 2022ರ ಮೇ 23ರಂದು ಪ್ಯಾರಿಸ್‌ನಲ್ಲಿ ಮಳೆ ಮೋಡದ ನಡುವೆ ಒಂದು ಏರ್‌ಬಸ್ ಎ320 ಇಳಿಯುತ್ತಿತ್ತು. ಕ್ಯೂಎನ್‌ಎಚ್ 1001 ಇತ್ತು, ಕಂಟ್ರೋಲರ್ 1011 ಅಂದರು. ಪೈಲಟ್ 1011 ಅಂತ ಸರಿಯಾಗಿಯೇ ವಾಪಸ್ ಓದಿದರು, ಅಂದರೆ ತಪ್ಪನ್ನು ಸರಿಯಾಗಿ ಓದಿದರು. ಹತ್ತು ಹೆಕ್ಟೋಪಾಸ್ಕಲ್, 280 ಅಡಿ. ರನ್‌ವೇ ಇನ್ನೂ ಮುಕ್ಕಾಲು ಮೈಲಿಗೂ ಜಾಸ್ತಿ ದೂರ ಇರುವಾಗ ಆ ವಿಮಾನ ನೆಲದಿಂದ 6 ಅಡಿ ಎತ್ತರಕ್ಕೆ ಬಂದು ಮತ್ತೆ ಏರಿತು. ಇಬ್ಬರು ಪೈಲಟ್, ಆಧುನಿಕ ವಿಮಾನ, ಆದರೂ ಹೀಗಾಯಿತು. ನೀವು ಒಬ್ಬರೇ ಇರುತ್ತೀರಿ.

ಹಾಗಾಗಿ ರೇಡಿಯೋದಲ್ಲಿ ಬಂದ ಕ್ಯೂಎನ್‌ಎಚ್ ಅನ್ನು ಬರೆಯಿರಿ, ವಾಪಸ್ ಓದಿ, ಆಮೇಲೆ ಹೊರಡುವಾಗ ತಂದ ಹವಾಮಾನ ವರದಿಯ ಪಕ್ಕ ಇಟ್ಟು ನೋಡಿ. ಎರಡು ಮೂರು ಹೆಕ್ಟೋಪಾಸ್ಕಲ್ ವ್ಯತ್ಯಾಸ ಇದ್ದರೆ ಸಹಜ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಷ್ಟು ಬದಲಾಗುತ್ತಲೇ ಇರುತ್ತದೆ. ಐದು, ಹತ್ತು ಅಂದರೆ ಮತ್ತೆ ಕೇಳಿ. ಮತ್ತೆ ಕೇಳುವುದಕ್ಕೆ ಸಂಕೋಚ ಬೇಡ. ನಮ್ಮ ಹುಡುಗರಿಗೆ ರೇಡಿಯೋದಲ್ಲಿ ಇಂಗ್ಲಿಷ್ ತಡವರಿಸುತ್ತೇನೋ ಅನ್ನುವ ಅಳುಕು ಇರುತ್ತದೆ, ನನಗೆ ಗೊತ್ತು. ಆ ಅಳುಕಿಗೆ "ಕನ್ಫರ್ಮ್ ಕ್ಯೂಎನ್‌ಎಚ್" ಅನ್ನುವ ಎರಡೇ ಪದ ಸಾಕು.

ಐಎಲ್‌ಎಸ್‌ನ ಗ್ಲೈಡ್ ಸ್ಲೋಪ್ ನೆಲದಿಂದ ಬರುವ ರೇಡಿಯೋ ಕಿರಣ. ಕ್ಯೂಎನ್‌ಎಚ್ ತಪ್ಪಾದರೂ ಆ ಇಳಿಜಾರು ಬದಲಾಗುವುದಿಲ್ಲ, ಆದರೆ ಮಿನಿಮಮ್ ತಪ್ಪಾಗುತ್ತದೆ. ಗಗನ್ ಉಪಗ್ರಹ ವ್ಯವಸ್ಥೆ ಬಳಸುವ ಎಲ್‌ಪಿವಿ ಅಪ್ರೋಚ್‌ಗೂ ಇದೇ ಮಾತು, ನಮ್ಮ ದೇಶದಲ್ಲಿ ಇಂಥದ್ದು 2022ರಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಮೊದಲು ನಡೆಯಿತು. ಆದರೆ ಬ್ಯಾರೋ ವಿನ್ಯಾವ್ ಅನ್ನುವ ಬಗೆಯಲ್ಲಿ ಇಳಿಜಾರನ್ನು ಲೆಕ್ಕ ಹಾಕುವುದೇ ಆಲ್ಟಿಮೀಟರ್‌ನ ಒತ್ತಡದಿಂದ. ಅಲ್ಲಿ ಕ್ಯೂಎನ್‌ಎಚ್ ತಪ್ಪಿದರೆ ಇಡೀ ದಾರಿಯೇ ಕೆಳಗೆ ಸರಿಯುತ್ತದೆ, ಪರದೆಯ ಮೇಲೆ ಮಾತ್ರ ಎಲ್ಲ ನಡುವೆ, ಎಲ್ಲ ಸರಿ ಅಂತ ಕಾಣುತ್ತದೆ. ಪ್ಯಾರಿಸ್‌ನಲ್ಲಿ ಆದದ್ದು ಇದೇ. ನೀವು ಹಾರುತ್ತಿರುವುದು ಯಾವ ಬಗೆ ಅಂತ ಮೊದಲೇ ತಿಳಿದಿರಿ.

ಕ್ಯೂಎಫ್‌ಇ, ಅಂದರೆ ನಿಲ್ದಾಣದ ನೆಲದಲ್ಲಿರುವ ಒತ್ತಡವನ್ನೇ ಹಾಕಿ ನೆಲದಲ್ಲಿ ಸೊನ್ನೆ ತೋರಿಸುವ ಹಾಗೆ ಮಾಡಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಹುಬ್ಬಳ್ಳಿಯ ಎತ್ತರದಲ್ಲಿ ಆ ಸಂಖ್ಯೆ 935ರ ಸುಮಾರಿಗೆ ಬರುತ್ತದೆ. ಸಣ್ಣ ವಿಮಾನಗಳ ಬಹಳಷ್ಟು ಆಲ್ಟಿಮೀಟರ್‌ಗಳ ಕಿಟಕಿ ಅಷ್ಟು ಕೆಳಗೆ ತಿರುಗುವುದೇ ಇಲ್ಲ. ಬಿಟ್ಟುಬಿಡಿ.

ಹಂತ 4: ಇಳಿಯುವ ಮುಂಚೆ ವೇಗದಿಂದ ಇಳಿತ ಲೆಕ್ಕ ಹಾಕಿ

3 ಡಿಗ್ರಿ ಇಳಿಜಾರಿಗೆ ಸುಲಭ ಸೂತ್ರ ಇದೆ. ನೆಲದ ಮೇಲಿನ ವೇಗವನ್ನು ಐದರಿಂದ ಗುಣಿಸಿ, ನಿಮಿಷಕ್ಕೆ ಅಷ್ಟು ಅಡಿ ಇಳಿಯಬೇಕು. 90 ನಾಟ್‌ಗೆ (ಗಂಟೆಗೆ 90 ನಾಟಿಕಲ್ ಮೈಲಿ) 450, ನಿಖರವಾಗಿ ಇನ್ನೊಂದು 25 ಜಾಸ್ತಿ. ಆದರೆ ನಿಮ್ಮ ಡಯಲ್‌ನ 90, ನೆಲದ ಮೇಲಿನ 90 ಅಲ್ಲ. ಮೇ ತಿಂಗಳ ಮಧ್ಯಾಹ್ನ 3,000 ಅಡಿಯಲ್ಲಿ 35 ಡಿಗ್ರಿ ಇದ್ದರೆ ಗಾಳಿ ಹಗುರ, ಡಯಲ್ 90 ತೋರಿಸುವಾಗ ನಿಜವಾದ ವೇಗ 98ರ ಹತ್ತಿರ. ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಅದನ್ನೂ ಸೇರಿಸಿ. ಜಿಪಿಎಸ್ ತೋರಿಸುವ ವೇಗವನ್ನೇ ತೆಗೆದುಕೊಳ್ಳಿ.

ಹಂತ 5: ಮೆಟ್ಟಿಲು ಇಳಿಯುವಾಗ ಬಾಯಿಬಿಟ್ಟು ಹೇಳಿ

"ಇನ್ನೂ ಸಾವಿರ", "ಇನ್ನೂ ಐನೂರು", "ಇನ್ನೂ ನೂರು". ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಜೋರಾಗಿ ಹೇಳಿ, ಕನ್ನಡದಲ್ಲೇ ಹೇಳಿ. ಬಾಯಿಂದ ಬಂದದ್ದನ್ನು ಕಿವಿ ಕೇಳಿಸಿಕೊಳ್ಳುತ್ತದೆ, ಸುಮ್ನೆ ಕಣ್ಣಲ್ಲಿ ನೋಡಿದ್ದು ಜಾರಿ ಹೋಗುತ್ತದೆ.

"ಕ್ಲಿಯರ್ಡ್ ಫಾರ್ ಅಪ್ರೋಚ್" ಅಂದ ಕೂಡಲೇ ಚಾರ್ಟ್‌ನ ಮುಂದಿನ ಎತ್ತರಕ್ಕೆ ಇಳಿಯಬೇಡಿ. ಆ ಎತ್ತರ ಎಲ್ಲಿಂದ ಲಾಗೂ ಆಗುತ್ತದೆ, ನೀವು ಆ ಜಾಗಕ್ಕೆ ಬಂದಿದ್ದೀರಾ ಅಂತ ನೋಡಿ. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಹತ್ತಿರ ಒಂದು ಬೋಯಿಂಗ್ 727ಕ್ಕೆ ಇನ್ನೂ 44 ಮೈಲಿ ದೂರ ಇರುವಾಗಲೇ ಈ ಅನುಮತಿ ಸಿಕ್ಕಿತು. ಅವರು ಚಾರ್ಟ್‌ನ 1,800 ಅಡಿಗೆ ಇಳಿಯತೊಡಗಿದರು. ನಡುವೆ ಗುಡ್ಡ ಇತ್ತು. ವಿಮಾನದಲ್ಲಿದ್ದ 92 ಜನರೂ ಸತ್ತರು. ನೆಲ ಹತ್ತಿರ ಬಂದರೆ ಕೂಗುವ ಯಂತ್ರವನ್ನು ದೊಡ್ಡ ವಿಮಾನಗಳಿಗೆ ಕಡ್ಡಾಯ ಮಾಡಲು ಆ ಅಪಘಾತವೇ ಕಾರಣವಾಯಿತು. ನಿಮ್ಮ ಸೆಸ್ನಾದಲ್ಲಿ ಆ ಯಂತ್ರ ಬಹುಶಃ ಇಲ್ಲ.

ಆಟೋಪೈಲಟ್ ಇದ್ದವರು ಗುಂಡಿ ತಿರುಗಿಸಿದ ಮೇಲೆ ಕೈಯನ್ನು ನಂಬಬೇಡಿ, ಪರದೆಯ ಮೇಲೆ ಯಾವ ಮೋಡ್ ಬಂತು ಅಂತ ಓದಿ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದ ಎ320 ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನಕ್ಕೆ ಬಡಿಯಿತು, 146 ಜನರಲ್ಲಿ 92 ಜನ ಸತ್ತರು. ಇಳಿತದ ವೇಗ ಬದಲಾಯಿಸಲು ಹೋದ ಪೈಲಟ್ ಎತ್ತರದ ಗುಂಡಿಯನ್ನು 700ಕ್ಕೆ ತಿರುಗಿಸಿರಬಹುದು ಅನ್ನುವ ಸಾಧ್ಯತೆಯನ್ನು ತನಿಖೆ ಮುಂದಿಟ್ಟಿತು. ಪಕ್ಕಪಕ್ಕದ ಎರಡು ಗುಂಡಿ. ಇಂಜಿನ್ ಐಡಲ್‌ಗೆ (ಅತಿ ಕಡಿಮೆ ಶಕ್ತಿಗೆ) ಹೋಗಿತ್ತು, ಅದನ್ನು ಗಮನಿಸುವ ಹೊತ್ತಿಗೆ ಎತ್ತರ ಉಳಿದಿರಲಿಲ್ಲ.

ಹಂತ 6: ಫೈನಲ್ ಫಿಕ್ಸ್‌ನಲ್ಲಿ ಎರಡು ಸಾಕ್ಷಿಗಳನ್ನು ಎದುರಾಬದರು ನಿಲ್ಲಿಸಿ

ಗ್ಲೈಡ್ ಸ್ಲೋಪ್ ಮೇಲೆ ಕೂತು ಫಿಕ್ಸ್ ದಾಟುವ ಕ್ಷಣದಲ್ಲಿ ಆಲ್ಟಿಮೀಟರ್ ಎಷ್ಟು ತೋರಿಸಬೇಕು ಅಂತ ಚಾರ್ಟ್‌ನಲ್ಲಿ ಬರೆದಿರುತ್ತದೆ. ಆ ಸಂಖ್ಯೆ ಓದಿ, ಡಯಲ್ ಓದಿ. ಗ್ಲೈಡ್ ಸ್ಲೋಪ್‌ಗೂ ಆಲ್ಟಿಮೀಟರ್‌ಗೂ ಸಂಬಂಧ ಇಲ್ಲ, ಹಾಗಾಗಿ ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು. ಹೇಳದಿದ್ದರೆ ಒಂದೋ ಕ್ಯೂಎನ್‌ಎಚ್ ತಪ್ಪು, ಇಲ್ಲವೇ ನೀವು ಸುಳ್ಳು ಗ್ಲೈಡ್ ಸ್ಲೋಪ್ ಹಿಡಿದಿದ್ದೀರಿ. 3 ಡಿಗ್ರಿಯ ಕಿರಣಕ್ಕೆ 9 ಡಿಗ್ರಿಯ ಹತ್ತಿರ ಇಂಥ ಸುಳ್ಳು ಕಿರಣ ಇರುತ್ತದೆ. ಯಾವಾಗಲೂ ಕೆಳಗಿನಿಂದಲೇ ಹೋಗಿ ಗ್ಲೈಡ್ ಸ್ಲೋಪ್ ಹಿಡಿದರೆ ಅದರ ಕೈಗೆ ಸಿಗುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಬಿಸಿಲಿನ ದಿನ ಎರಡೂ ಸರಿ ಇದ್ದರೂ ಸಂಖ್ಯೆ ಹೊಂದುವುದಿಲ್ಲ. ಆಲ್ಟಿಮೀಟರ್ ಮಾಡಿದ್ದು ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಸಾವಿರ ಅಡಿಗೆ 2 ಡಿಗ್ರಿ ಇಳಿಯುವ ಗಾಳಿಗೆ. ಅದಕ್ಕಿಂತ 10 ಡಿಗ್ರಿ ಬಿಸಿ ಜಾಸ್ತಿಯಾದರೆ, ನಿಲ್ದಾಣದಿಂದ ಮೇಲಿನ ಎತ್ತರದಲ್ಲಿ ನೂರಕ್ಕೆ 4ರಷ್ಟು ಕಡಿಮೆ ತೋರಿಸುತ್ತದೆ. 20 ಡಿಗ್ರಿ ಹೆಚ್ಚು ಬಿಸಿ ಇರುವ ಮಧ್ಯಾಹ್ನ ನೆಲದಿಂದ 1,600 ಅಡಿ ಮೇಲೆ ಫಿಕ್ಸ್ ದಾಟಿದರೆ ಡಯಲ್ ಸುಮಾರು 120 ಅಡಿ ಕಡಿಮೆ ಹೇಳುತ್ತದೆ. ನೀವು ನಿಜವಾಗಿ ಮೇಲೇ ಇದ್ದೀರಿ, ಗಾಬರಿ ಬೇಡ. ಲೇಹ್‌ನಂಥ ಚಳಿಯ ಜಾಗದಲ್ಲಿ ಇದು ಉಲ್ಟಾ, ಅಲ್ಲಿ ಡಯಲ್ ಜಾಸ್ತಿ ಹೇಳುತ್ತದೆ, ನೀವು ಕೆಳಗಿರುತ್ತೀರಿ. ಅಲ್ಲಿಗೆ ತಿದ್ದುಪಡಿ ಪಟ್ಟಿ ಇಲ್ಲದೆ ಹೋಗಬೇಡಿ.

ಹಂತ 7: ಮೈಲಿಗೊಂದು ಪ್ರಶ್ನೆ

3 ಡಿಗ್ರಿಗೆ ಒಂದು ಮೈಲಿಗೆ 318 ಅಡಿ. ಹುಬ್ಬಳ್ಳಿಯ ಎತ್ತರಕ್ಕೆ ಲೆಕ್ಕ ಹಾಕಿ, ರನ್‌ವೇ ತುದಿಯನ್ನು 50 ಅಡಿಯಲ್ಲಿ ದಾಟುವ ಹಾಗೆ ಇಟ್ಟರೆ, ಐದು ಮೈಲಿಗೆ ಸುಮಾರು 3,800, ನಾಲ್ಕಕ್ಕೆ 3,500, ಮೂರಕ್ಕೆ 3,170, ಎರಡಕ್ಕೆ 2,850, ಒಂದಕ್ಕೆ 2,540. ಈ ದೂರ ರನ್‌ವೇ ತುದಿಯಿಂದ. ದೂರ ತಿಳಿಸುವ ಡಿಎಂಇ ಯಂತ್ರ ಬೇರೆ ಕಡೆ ನಿಂತಿರಬಹುದು, ಆಗ ಅದು ತೋರಿಸುವ ದೂರವೇ ಬೇರೆ. ಚಾರ್ಟ್‌ನ ಪಟ್ಟಿ ಯಾವ ದೂರದಿಂದ ಲೆಕ್ಕ ಹಾಕಿದೆ ಅಂತ ಓದಿ ಬಳಸಿ.

ಕೆಳಗಿರುವುದಷ್ಟೇ ಅಪಾಯ ಅಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತದ್ದು ವಿಮಾನ ಇರಬೇಕಾದದ್ದಕ್ಕಿಂತ ತುಂಬಾ ಮೇಲಿದ್ದು, ಆಮೇಲೆ ಕಡಿದಾಗಿ ಇಳಿದು, ರನ್‌ವೇಯಲ್ಲಿ ಬಹಳ ಮುಂದೆ ಮುಟ್ಟಿದ್ದರಿಂದ. ಸಹ ಪೈಲಟ್ ಮೂರು ಸಲ ಗೋ ಅರೌಂಡ್ (ಇಳಿಯದೆ ವಾಪಸ್ ಏರೋಣ) ಅಂದಿದ್ದರು. ಮೈಲಿಯ ಲೆಕ್ಕದಲ್ಲಿ ಮೇಲೆ ಉಳಿದಿದ್ದೀರಿ ಅಂತ ಗೊತ್ತಾದರೆ ಮೂಗು ಒತ್ತಿ ಹಿಡಿಯಲು ಹೋಗಬೇಡಿ. ನಿಮಿಷಕ್ಕೆ 1,000 ಅಡಿಗಿಂತ ಹೆಚ್ಚು ಇಳಿಯಬೇಕಾಗಿ ಬಂದರೆ ಆ ಅಪ್ರೋಚ್ ಮುಗಿಯಿತು, ಮೇಲೆ ಹೋಗಿ.

ಹಂತ 8: ಮಿನಿಮಮ್ ಮತ್ತು ವಾಪಸ್ ಏರುವುದು

"ಇನ್ನೂ ನೂರು" ಅಂದ ಮೇಲೆ ಹೊರಗೆ ಒಂದು ನೋಟ, ಮತ್ತೆ ಡಯಲ್. ಮಿನಿಮಮ್ ಬಂತು, ರನ್‌ವೇ ದೀಪ ಕಾಣಲಿಲ್ಲ, ಏರಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮೋಡದ ಕೆಳಗೆ ಒಂದು ಕ್ಷಣ ಹೊಲ, ರಸ್ತೆ ಕಾಣುತ್ತದೆ. ಹೊಲ ಕಂಡರೆ ರನ್‌ವೇ ಕಂಡ ಹಾಗಲ್ಲ. "ಇನ್ನೊಂದು ಐವತ್ತು ಅಡಿ ನೋಡೋಣ" ಅನ್ನುವ ಆಸೆ ಬರುವುದು ಆಗಲೇ.

ಫುಲ್ ಪವರ್ ಕೊಟ್ಟಾಗ ವೇಗ ಏರುವುದನ್ನು ಒಳಗಿವಿ ಮೂಗು ಮೇಲೆದ್ದ ಹಾಗೆ ತಿಳಿಯುತ್ತದೆ, ಕೈ ತಾನಾಗಿ ಮುಂದೆ ಒತ್ತುತ್ತದೆ. ಕಣ್ಣು ಮೂಗು ಮೇಲೋ ಕೆಳಗೋ ಅಂತ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಮೇಲೇ ಇರಲಿ. ಆಲ್ಟಿಮೀಟರ್ ಏರುತ್ತಿದೆ ಅಂತ ಖಾತ್ರಿಯಾದ ಮೇಲೆ ಫ್ಲಾಪ್ (ರೆಕ್ಕೆಯ ಹಿಂದೆ ಇಳಿಸಿದ ಹಲಗೆ) ಎತ್ತಿ, ಆಮೇಲೆ ರೇಡಿಯೋ.

ವಿಮಾನ ಏರುತ್ತದೆಯೇ ಅನ್ನುವುದನ್ನು ಹೊರಡುವ ಮುಂಚೆಯೇ ನೋಡಿರಬೇಕು. ಹುಬ್ಬಳ್ಳಿಯಲ್ಲಿ 36 ಡಿಗ್ರಿ ಇದ್ದರೆ ಇಂಜಿನ್‌ಗೆ ಅದು ಸುಮಾರು 5,200 ಅಡಿ ಎತ್ತರದ ಗಾಳಿಯ ಹಾಗೆ. ಮಿಸ್ಡ್ ಅಪ್ರೋಚ್‌ಗೆ ಸಾಮಾನ್ಯವಾಗಿ ಬೇಕಾದದ್ದು ನೂರಕ್ಕೆ 2.5ರ ಏರು, ಮೈಲಿಗೆ 152 ಅಡಿ, 80 ನಾಟ್‌ನಲ್ಲಿ ನಿಮಿಷಕ್ಕೆ 200 ಅಡಿಯ ಸುಮಾರು. ಚಾರ್ಟ್ ಕೆಲವೊಮ್ಮೆ ಇದಕ್ಕಿಂತ ಜಾಸ್ತಿ ಕೇಳುತ್ತದೆ. ನಾಲ್ಕು ಜನ, ತುಂಬಿದ ಟ್ಯಾಂಕು, ಪೂರ್ತಿ ಫ್ಲಾಪ್ ಇಟ್ಟುಕೊಂಡು ಅಷ್ಟು ಬರುತ್ತದೆಯೇ ಅಂತ ನಿಮ್ಮ ವಿಮಾನದ ಪುಸ್ತಕ ತೆಗೆದು ನೋಡಿ.

ಮಿಸ್ಡ್ ಅಪ್ರೋಚ್ ಎತ್ತರ ಮುಟ್ಟಿ ಸಮನಾದ ಮೇಲೆ, ಎರಡನೇ ಸಲ ಬರುವ ಮುಂಚೆ, ಕ್ಯೂಎನ್‌ಎಚ್ ಹೊಸದಾಗಿ ಕೇಳಿ. ಪ್ಯಾರಿಸ್‌ನ ಆ ವಿಮಾನ ಎರಡನೇ ಸಲವೂ ಅದೇ 1011 ಇಟ್ಟುಕೊಂಡೇ ಇಳಿಯಿತು, ಆ ಸಲ ಹೊರಗೆ ದೀಪಗಳು ಕಂಡಿದ್ದರಿಂದ ಸರಿಪಡಿಸಿಕೊಂಡರು. ಹೊಸ ಸಂಖ್ಯೆಯನ್ನು ಹಳೆಯದರ ಪಕ್ಕ ಬರೆಯಿರಿ. ಎರಡಕ್ಕೂ ತಾಳೆ ಆಗದಿದ್ದರೆ, ಯಾಕೆ ಅಂತ ಗೊತ್ತಾಗುವ ತನಕ ಎಂಎಸ್‌ಎಗಿಂತ ಕೆಳಗೆ ಬರಬೇಡಿ.